ಸೋರದ ತೊಟ್ಟಿ

ಈಗ ಹೇಳಿಬಿಡುವುದೇ ವಾಸಿಯೇನೋ. ಆದರೆ ಏನೆಂದು ಶುರು ಮಾಡುವುದು? ‘ಮಾವ, ನಿಮ್ಮ ತೊಟ್ಟಿ ಸೋರುತ್ತಿಲ್ಲ’ ಎಂದರೆ, ‘ಮತ್ತೆ ನೀರೆಲ್ಲಿ ಹೋಯಿತು’ ಎಂಬ ಪ್ರಶ್ನೆ ಬಾಗಿಲಲ್ಲೇ ಕಾದು ನಿಂತಿರುತ್ತದೆ. ‘ನಾನೇ ಬಿಟ್ಟೆ’ ಎಂದರೆ, ‘ಯಾಕೆ’ ಎಂಬುದು ಅದರ ಬೆನ್ನಿಗೇ ಬರುತ್ತದೆ. ಆ ‘ಯಾಕೆ’ಗೆ ಉತ್ತರ ಕೊಡಬೇಕಾದರೆ ಮೊದಲ ದಿನದ ಮೊದಲ ಮಾತಿನವರೆಗೆ ಹಿಂದಕ್ಕೆ ಹೋಗಬೇಕು. ಅಲ್ಲಿಗೆ ಹೋಗಲು ಅಳಿಯನಿಗೆ ಧೈರ್ಯವಿರಲಿಲ್ಲ.

ಆದ್ದರಿಂದ ಅವನು ಹೇಳಲಿಲ್ಲ. ಮಾವ ಕಾಫಿ ಕುಡಿಯಲು ಒಳಗೆ ಹೋದದ್ದೇ ತಡ, ಹಿತ್ತಿಲಿನ ಹಳೆಯ ಸ್ನಾನದ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ತಳದ ರಬ್ಬರ್ ಬಿರಡೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದ. ನೀರು ಗೊಳಗೊಳನೆ ಇಳಿಯಿತು. ಸದ್ದು ಒಳಗೆ ಕೇಳಿಸೀತೆಂದು ಎರಡು ಸಲ ಕೆಮ್ಮಿದ. ಕೆಮ್ಮುವ ಅಗತ್ಯವಿರಲಿಲ್ಲ. ಮಾವನ ಕಿವಿ ಎಷ್ಟರಮಟ್ಟಿನದು ಎಂಬ ಅಂದಾಜು ಅವನಿಗಿತ್ತು. ಜನರ ಕಿವಿ ಪರೀಕ್ಷಿಸುವುದೇ ಅವನ ಕೆಲಸ.

ತೊಟ್ಟಿಯೊಳಗಿನ ಇಟ್ಟಿಗೆಯ ಮೇಲೆ, ಬೆಂಕಿಪೊಟ್ಟಣಕ್ಕಿಂತ ಚೂರೇ ದೊಡ್ಡದಾದ ಒಂದು ಆಮೆಮರಿ ಕುತ್ತಿಗೆ ಚಾಚಿ ಅವನನ್ನೇ ನೋಡಿತು. ಆ ನೋಟದಲ್ಲಿ ಕೃತಜ್ಞತೆಯೇನೂ ಇರಲಿಲ್ಲ. ಒಂದು ಮಾತು ಆಡಲು ಇಷ್ಟು ಒದ್ದಾಡುವ ಪ್ರಾಣಿಯನ್ನು ಅದು ಮೊದಲ ಸಲ ನೋಡುತ್ತಿರುವಂತಿತ್ತು.

ಅದು ಈ ಮನೆಗೆ ಬಂದದ್ದು ಮಾವನ ಊಟದ ಡಬ್ಬಿಯಲ್ಲಿ. ಮಾವ ಕೊಳಾಯಿ ಕೆಲಸದವರು. ಊರಾಚೆಯ ಕುರುಚಲು ಬಯಲಿನಲ್ಲಿ ಹೊಸ ಪೈಪು ಹೂಳಲು ಉದ್ದಕ್ಕೂ ಗುಂಡಿ ತೋಡಿದ್ದರು. ಅದರೊಳಗೆ ಬಿದ್ದ ಮರಿ ಮೇಲೆ ಹತ್ತಲಾರದೆ ಮಣ್ಣಿನ ಗೋಡೆಯನ್ನು ಕೆರೆಯುತ್ತಿತ್ತು. ಮಾವ ಎತ್ತಿ ದೂರ ಬಿಟ್ಟರು. ತಿರುಗಿ ಬಂದು ಬಿತ್ತು. ಇನ್ನೂ ದೂರ ಬಿಟ್ಟರು. ಇನ್ನೂ ಜೋರಾಗಿ ಬಂದು ಬಿತ್ತು. ಇಷ್ಟು ಹಟವಿರುವ ಜೀವದ ಮೇಲೆ ಅವರಿಗೆ ಪ್ರೀತಿ ಹುಟ್ಟಿಬಿಟ್ಟಿತು. ಗುಂಡಿ ಮುಚ್ಚುವವರೆಗೆ ಮನೆಯಲ್ಲಿರಲಿ, ಆಮೇಲೆ ಅಲ್ಲೇ ತಂದು ಬಿಟ್ಟರಾಯಿತು ಎಂದು ಖಾಲಿ ಡಬ್ಬಿಗೆ ಹಾಕಿಕೊಂಡರು. ಬರುವ ದಾರಿಯಲ್ಲೇ ನಾಮಕರಣವೂ ಆಗಿತ್ತು: ವಾಷರ್.

ಆ ಸಂಜೆ ವಾಷರ್ ಊಟದ ಮೇಜಿನ ನಡುವೆ ಕೂತಿತ್ತು. ಸುತ್ತ ನಾಲ್ಕು ತಲೆ. ಮಾವ, ಅತ್ತೆ, ಅವರ ಮಗಳು, ಮತ್ತು ಆ ಮಗಳನ್ನು ಮದುವೆಯಾಗಿ ಇದೇ ಮನೆಯ ಮಹಡಿಯ ಕೋಣೆಯಲ್ಲಿದ್ದ ಅಳಿಯ. ಆಮೆ ಎಂದರೆ ಎಲ್ಲರಿಗೂ ನೀರೇ ನೆನಪಾಗುತ್ತದೆ. ಕೆರೆಯಲ್ಲಿರುವುದಕ್ಕೂ ಬಯಲಲ್ಲಿರುವುದಕ್ಕೂ ಬಾಯಿಗೆ ಬರುವುದು ಅದೊಂದೇ ಪದ. ಆದರೆ ಅಳಿಯ ಅದರ ಕಾಲು ನೋಡಿದ. ಬೆರಳುಗಳ ನಡುವೆ ಬಾತುಕೋಳಿಗಿರುವಂಥ ಚರ್ಮವಿರಲಿಲ್ಲ. ಆನೆಯ ಕಾಲನ್ನು ಯಾರೋ ಅಂಗಿಯ ಗುಂಡಿಯ ಗಾತ್ರಕ್ಕೆ ಇಳಿಸಿ ಅಂಟಿಸಿದಂತಿತ್ತು. ಬೆನ್ನು ಬೋಗುಣಿ ಕವುಚಿದ ಹಾಗೆ ಎತ್ತರ. ಇದು ನಡೆಯುವ ಜೀವ, ಈಜುವುದಲ್ಲ.

ಅವನು ಗಂಟಲು ಸರಿಮಾಡಿಕೊಂಡು, ತನ್ನ ಮಟ್ಟಿಗೆ ಜೋರಾಗಿಯೇ, ಹೇಳಿದ: “ಇದು ನೀರಿನ ಆಮೆ ಅಲ್ಲ, ಮಾವ.”

ಮಾವ ಸರಕ್ಕನೆ ತಿರುಗಿದರು. ಮುಖ ಅರಳಿತು. ಮೀಸೆಯ ಎರಡೂ ತುದಿ ಮೇಲೆದ್ದವು.

“ನೀರಿನ ಆಮೆ ಅಲ್ವಾ ಅಂತ ಕೇಳಿದ್ರಾ? ಹೌದು ಅಳಿಯಂದ್ರೇ, ಹೌದು. ಅಸಲಿ ನೀರಿನ ಆಮೆ. ಸರಿಯಾಗಿ ಕಂಡುಹಿಡಿದ್ರಿ. ಲೇ, ಕೇಳಿಸ್ತೇನೇ? ಅಳಿಯಂದ್ರು ನನ್ನನ್ನ ಒಂದು ಮಾತು ಕೇಳಿದ್ರು.”

“ಕೇಳಿಸ್ತು, ಕೇಳಿಸ್ತು. ಪಕ್ಕದ ಮನೆಯವರಿಗೂ ಕೇಳಿಸ್ತು,” ಎಂದರು ಅತ್ತೆ.

“ನೀರಿನ ವಿಷಯ ತಾನೇ? ನನಗೆ ಬಿಡಿ,” ಎಂದರು ಮಾವ.

ಅಲ್ಲಿಯವರೆಗೆ ಮಾವ ಅಳಿಯಂದಿರ ನಡುವೆ ಮಾತು ಎಂಬುದು ‘ಊಟ ಆಯ್ತಾ’ ಮತ್ತು ‘ಆಯ್ತು’ ಎಂಬಷ್ಟರಲ್ಲೇ ಮುಗಿಯುತ್ತಿತ್ತು. ಒಬ್ಬರು ಬದುಕಿಡೀ ಕಬ್ಬಿಣದ ಪೈಪಿಗೆ ಸುತ್ತಿಗೆ ಹೊಡೆದು, ಆ ಸದ್ದಿನ ಮೇಲೆ ಕೂಗಿ ಮಾತಾಡಿದವರು. ಇನ್ನೊಬ್ಬ ಸದ್ದು ತೂರದ ಕೋಣೆಯ ಪಕ್ಕ ಕೂತು, ಇರುವೆ ನಡೆದಂಥ ನಾದಗಳನ್ನು ಒಂದೊಂದಾಗಿ ಜನರ ಕಿವಿಗೆ ಬಿಡುವವನು. ಮಾವ ಬಾಯಿ ತೆರೆದರೆ ಅಳಿಯ ಬೆಚ್ಚುತ್ತಿದ್ದ. ಅಳಿಯ ಬಾಯಿ ತೆರೆದದ್ದೇ ಮಾವನಿಗೆ ಗೊತ್ತಾಗುತ್ತಿರಲಿಲ್ಲ.

ಮಹಡಿಯ ಕೋಣೆಯಲ್ಲಿ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೀವು ಅಂದಿದ್ದು ‘ಅಲ್ಲ’, ಅಪ್ಪ ಕೇಳಿಸ್ಕೊಂಡಿದ್ದು ‘ಅಲ್ವಾ’. ನಾಳೆ ಬೆಳಿಗ್ಗೆ ಎದ್ದವರೇ ಹೇಳಿಬಿಡಿ.”

“ಎಷ್ಟು ಖುಷಿಯಾಗಿದ್ರು ನೋಡಿದ್ಯಾ?”

“ಅಪ್ಪ ಖುಷಿಯಾಗಿದ್ರು. ಆಮೆ ಖುಷಿಯಾಗಿತ್ತಾ?”

“ನೀನೇ ಹೇಳ್ಬಹುದಲ್ಲ.”

“ನಾನು ಹೇಳಿದ್ರೆ ಅಪ್ಪ ಮಗಳ ಜಗಳ ಆಗುತ್ತೆ. ಅದು ದಿನಾ ಇರೋದೇ, ಅಪ್ಪ ಲೆಕ್ಕಕ್ಕೇ ಇಡಲ್ಲ. ನೀವು ಹೇಳಿದ್ರೆ ಮಾತುಕತೆ ಆಗುತ್ತೆ, ರೀ. ಈ ಮನೇಲಿ ಅದೊಂದು ಆಗಿಲ್ಲ.”

ಬೆಳಿಗ್ಗೆ ಅವನು ಎದ್ದವನೇ ಹೇಳುತ್ತಿದ್ದನೋ ಏನೋ. ಆದರೆ ಮಾವ ಅವನಿಗಿಂತ ಮೊದಲೇ ಎದ್ದಿದ್ದರು. ಯಾರದೋ ಮನೆಯಿಂದ ಕಿತ್ತು ತಂದು ಶೆಡ್ಡಿನಲ್ಲಿಟ್ಟಿದ್ದ ತೊಟ್ಟಿ ಆಗಲೇ ಹಿತ್ತಿಲಿಗೆ ಬಂದಿತ್ತು. ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಪುಟ್ಟ ಕಾರಂಜಿ. ತಳದಿಂದ ಒಂದು ಪೈಪು ಹೂಗಿಡಗಳ ಬುಡಕ್ಕೆ. ಮೊಣಕೈ ಮುಳುಗುವಷ್ಟು ನೀರು. ಮಾವ ವಾಷರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಒಳಗೆ ಬಿಟ್ಟರು. ಅದು ನಾಲ್ಕೂ ಕಾಲನ್ನು ಗಿರಗಿರನೆ ಆಡಿಸಿತು.

“ನೋಡಿ, ನೋಡಿ, ಹೆಂಗೆ ಈಜ್ತಾನೆ ನನ್ನ ಮಗ.”

ಅದು ಈಜಲ್ಲ, ಪ್ರಾಣಭಯ ಎಂದು ಅಳಿಯನಿಗೆ ಕಾಣುತ್ತಿತ್ತು. ಅದನ್ನು ಹೇಳುವ ಬದಲು ಅವನು ಗೋಡೆ ಪಕ್ಕದಲ್ಲಿದ್ದ ಇಟ್ಟಿಗೆಯನ್ನು ತಂದು ತೊಟ್ಟಿಯಲ್ಲಿ ನಿಲ್ಲಿಸಿದ. ವಾಷರ್ ಅದರ ಮೇಲೆ ತೆವಳಿ ಹತ್ತಿ ಕಣ್ಣು ಮುಚ್ಚಿತು.

“ಅಬ್ಬಾ, ದಣಿವಾರಿಸಿಕೊಳ್ಳೋಕೆ ಕಟ್ಟೆ,” ಎಂದು ಮಾವ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು. “ಅಳಿಯಂದ್ರೇ, ನಿಮ್ಮ ತಲೆ ಸಾಮಾನ್ಯ ಅಲ್ಲ.”

ಬೆನ್ನು ಉರಿಯುತ್ತಿತ್ತು. ಹಾಗೆ ಗುದ್ದಿಸಿಕೊಂಡು ಅವನಿಗೆ ಎಷ್ಟೋ ಕಾಲವಾಗಿತ್ತು. ಹಿತವಾಗಿಯೂ ಇತ್ತು. ಮಾವ ಕಾಫಿಗೆ ಒಳಗೆ ಹೋದಾಗ ಅವನು ಮೊದಲ ಸಲ ಬಿರಡೆ ಎಳೆದ. ನೀರು ಇಳಿದ ಮೇಲೆ ಅದನ್ನು ಮತ್ತೆ ಇದ್ದ ಹಾಗೇ ಒತ್ತಿಟ್ಟ.

ಅಲ್ಲಿಂದ ಶುರುವಾದದ್ದು ಸೋರಿಕೆಯ ಬೇಟೆ.

ಮಾವನಿಗೆ ಒಂದು ಶಪಥವಿತ್ತು. ತಾನು ಕೂಡಿಸಿದ ಪೈಪಿನಿಂದ ಒಂದು ತೊಟ್ಟು ನೀರು ಆಚೆ ಬಂದರೂ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಅವರು ಕಂಡಕಂಡವರ ಮುಂದೆಲ್ಲ ಹೇಳಿಕೊಂಡು ಬಂದಿದ್ದರು. ಈಗ ತಮ್ಮದೇ ಹಿತ್ತಿಲಿನಲ್ಲಿ, ತಮ್ಮದೇ ಕೈಯ ಕೆಲಸ, ಬೆಳಿಗ್ಗೆ ತುಂಬಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಖಾಲಿ. ಬಿರಡೆ ಬದಲಾಯಿಸಿದರು. ಅದೂ ಸೋರಿತು. ಅದಕ್ಕಿಂತ ದಪ್ಪದ್ದು ತಂದರು. ಅದು ಎಳೆಯಲು ತುಸು ಬಿಗಿಯಿತ್ತು, ಅಷ್ಟೇ. ಪೈಪು ಬಿಚ್ಚಿ, ದಾರ ಸುತ್ತಿ, ಮತ್ತೆ ಕೂಡಿಸಿದರು. ಹೂಗಿಡಗಳು ಮಾತ್ರ ದಿನದಿನಕ್ಕೆ ಸೊಂಪಾಗುತ್ತಿದ್ದವು.

ಅತ್ತೆಗೆ ಮಹಾ ಆನಂದ. ಕನ್ನಡಿ, ಸೋಪು, ರೇಜರು ಮೂರನ್ನೂ ತಟ್ಟೆಯಲ್ಲಿ ಜೋಡಿಸಿ ಹಿತ್ತಿಲ ಮೆಟ್ಟಿಲ ಮೇಲಿಟ್ಟರು.

“ಏನೂಂದ್ರೆ, ನೀರು ಬಿಸಿ ಮಾಡ್ಲಾ?”

“ಸುಮ್ನಿರೇ. ಇದು ಸೋರ್ತಿಲ್ಲ. ಇದು ಆವಿಯಾಗಿ ಹೋಗ್ತಿರೋದು.”

“ನಿಮ್ಮ ಮೀಸೆನೂ ಹಾಗೇ ಆವಿಯಾಗಿ ಹೋಗ್ಲಿ. ಅದರ ಕೆಳಗೆ ಎಂಥ ತುಟಿ ಇದೆ ಅಂತ ಮದುವೆಯಾದಾಗಿಂದ ನೋಡಿಲ್ಲ ನಾನು.”

ನಗು ಬರುವ ಮಾತಿಗೆ ಮಾವ ನಗಲಿಲ್ಲ. ಅಳಿಯ ಅದನ್ನು ಗಮನಿಸಿದ. ಅವನು ಮನಸ್ಸಿನಲ್ಲೇ ತಕ್ಕಡಿ ಹಿಡಿದ. ಒಂದು ತಟ್ಟೆಯಲ್ಲಿ ಆಮೆಯ ಜೀವ, ಇನ್ನೊಂದರಲ್ಲಿ ಮಾವನ ಮಾನ. ನಡುವೆ ಮುಳ್ಳಿನಂತೆ ತನ್ನ ನಾಲಿಗೆ, ಅತ್ತಲೂ ಹೋಗದೆ ಇತ್ತಲೂ ಹೋಗದೆ. ದಿನಾ ಸಂಜೆ ಹೆಂಡತಿ ಹುಬ್ಬು ಏರಿಸಿ ‘ಆಯ್ತಾ?’ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಕೊನೆಗೆ ಅವಳು ಗಡುವು ಕೊಟ್ಟಳು: “ಈ ವಾರ ಮುಗಿಯೋದರೊಳಗೆ ನೀವು ಹೇಳ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ, ಬಿರಡೆ ವಿಷಯಾನೂ ಸೇರಿಸಿ.”

ವಾರ ಮುಗಿಯುವ ಮೊದಲೇ ಮಾವ ಹೊಸ ಉಪಾಯ ಹೂಡಿದರು. ಮೇಲಿನ ಟ್ಯಾಂಕಿನಲ್ಲಿರುವಂಥ ತೇಲುವ ಚೆಂಡೊಂದನ್ನು ತೊಟ್ಟಿಗೆ ಕಟ್ಟಿ, ನೀರು ಇಳಿದಷ್ಟೂ ತಾನೇ ತುಂಬುವ ಹಾಗೆ ಮಾಡಿದರು. ಸೋರುವುದಾದರೆ ಸೋರಲಿ, ನೀರು ಮಾತ್ರ ಕಡಿಮೆಯಾಗಬಾರದು. ಚೆಂಡಿಗೆ ಜಾಗ ಬೇಕೆಂದು ಇಟ್ಟಿಗೆಯನ್ನು ತೆಗೆದಿಟ್ಟರು. ಅಳಿಯ ಆಗ ಕೆಲಸದಲ್ಲಿದ್ದ.

ಸಂಜೆ ಅವನು ಚೀಲವನ್ನೂ ಇಳಿಸದೆ ಹಿತ್ತಿಲಿಗೆ ಬಂದ. ತೊಟ್ಟಿ ತುಂಬಿ ತುಳುಕುತ್ತಿತ್ತು. ಕಾರಂಜಿ ಚಿಮ್ಮುತ್ತಿತ್ತು. ವಾಷರ್ ಅಂಗಾತವಾಗಿ, ಹೊಟ್ಟೆ ಮೇಲೆ ಮಾಡಿ, ಚೆಂಡಿನ ಪಕ್ಕ ತೇಲುತ್ತಿತ್ತು.

ಅವನು ಅದನ್ನು ಎತ್ತಿ ತಲೆ ಕೆಳಗೆ ಮಾಡಿ ಹಿಡಿದ. ಮೂಗಿನಿಂದ ಒಂದು ಹನಿ ಬಿತ್ತು. ಇನ್ನೊಂದು. ಕಾಲುಗಳನ್ನು ಬೆರಳ ತುದಿಯಲ್ಲಿ ಹಿಂದೆ ಮುಂದೆ ಎಳೆದ. ಏನೂ ಆಗಲಿಲ್ಲ. ಅಂಗಿಯ ತುದಿಯಿಂದ ಒರೆಸಿ, ಅಂಗೈಯ ಬಿಸಿಗೆ ಇಟ್ಟುಕೊಂಡು ಕಾದ. ತನ್ನ ಒಂದು ಮಾತಿನ ತೂಕ ಅಂಗೈಯಲ್ಲಿತ್ತು. ಅದು ಇಷ್ಟು ಹಗುರವಾಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂಗಾಲೊಂದು, ಬೇಕೋ ಬೇಡವೋ ಎಂಬಂತೆ, ಅವನ ಬೆರಳನ್ನು ಒದೆಯಿತು.

ಈಗಲೇ, ಈ ಕ್ಷಣವೇ ಹೇಳಿಬಿಡುತ್ತೇನೆ ಎಂದು ಅವನು ಎದ್ದು ನಿಂತ. ಆದರೆ ಮಾವ ತೊಟ್ಟಿಯ ಆಚೆ ಬದಿಯಲ್ಲೇ ಇದ್ದರು. ನೆಲಕ್ಕೆ ಒರಗಿ ಮಲಗಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡಿದ್ದರು. ಗೋಡೆಯೊಳಗಿನ ಸೋರಿಕೆಯನ್ನು ಅವರು ಹೀಗೇ ಕೇಳಿ ಹಿಡಿಯುತ್ತಿದ್ದದ್ದು. ಕಣ್ಣು ಮುಚ್ಚಿತ್ತು. ಅಳಿಯ ಬಂದದ್ದಾಗಲಿ, ಅವನ ಕೈಯಲ್ಲಿದ್ದದ್ದಾಗಲಿ ಅವರಿಗೆ ತಿಳಿದಿರಲಿಲ್ಲ. ಎದ್ದು ಕೂತಾಗ ಮೀಸೆಯ ತುದಿಗಳು ಕೆಳಗೆ ಬಿದ್ದಿದ್ದವು.

“ಅಳಿಯಂದ್ರೇ, ಒಂದು ಮಾತು. ಒಳಗೆ ಹೇಳ್ಬೇಡಿ.”

“ಏನು ಮಾವ?”

“ಸೋರ್ತಿರೋದು ನಿಜ. ದಿನಾ ಕಣ್ಣಾರೆ ನೋಡ್ತಿದೀನಿ. ಆದ್ರೆ ಸದ್ದೇ ಕೇಳಿಸ್ತಿಲ್ಲ. ತೊಟ್ಟಿ ಸರಿಯಾಗೇ ಇದೆ. ಹೋಗಿರೋದು ನನ್ನ ಕಿವಿ.” ಅವರು ಸ್ಕ್ರೂಡ್ರೈವರನ್ನು ಅಂಗೈಯಲ್ಲಿ ಉರುಳಿಸಿದರು. “ನಾಳೆ ನಿಮ್ಮಲ್ಲಿಗೆ ಬರ್ತೀನಿ.”

ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಮಗಳು ಗೋಗರೆದಾಗಲೆಲ್ಲ ‘ನನ್ನ ಕಿವಿ ಹಾವಿನ ಕಿವಿ’ ಎಂದು ಓಡಿಸಿದ್ದ ಮನುಷ್ಯ. ಅಳಿಯ ವಾಷರನ್ನು ಅಂಗಿಯ ತುದಿಯಲ್ಲಿ ಮುಚ್ಚಿಕೊಂಡ.

“ಇವತ್ತೊಂದು ದಿನ ವಾಷರ್ ನಮ್ಮ ಕೋಣೇಲಿರಲಿ, ಮಾವ,” ಎಂದಷ್ಟೇ ಹೇಳಿದ. “ಸ್ವಲ್ಪ ಶೀತ ಆದ ಹಾಗಿದೆ.”

“ಆಮೆಗೆ ಪ್ರೀತಿನಾ? ಇರುತ್ತೆ, ಇರುತ್ತೆ,” ಎಂದರು ಮಾವ.

ಮರುದಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಳಿಯನ ಕೆಲಸದ ಜಾಗಕ್ಕೆ ಬಂದರು. ಸೊಂಟದ ಉಪಕರಣಗಳ ಪಟ್ಟಿಯನ್ನು ಅಭ್ಯಾಸಬಲದಿಂದ ಕಟ್ಟಿಕೊಂಡೇ ಬಂದಿದ್ದರು. ಅದು ಝಣಝಣ ಎನ್ನುತ್ತದೆಂದು ಅಳಿಯ ಬಿಚ್ಚಿಸಿಟ್ಟ. ಗಾಜಿನ ಕಿಟಕಿಯ ಪುಟ್ಟ ಕೋಣೆಯೊಳಗೆ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಒತ್ತಲು ಗುಂಡಿ ಕೊಟ್ಟು, ದಪ್ಪ ಬಾಗಿಲು ಮುಚ್ಚಿ, ಕಿಟಕಿಯ ಈಚೆ ಬಂದು ಕೂತ.

ದಪ್ಪ ನಾದಗಳಿಗೆ ಮಾವ ಶಾಲೆಯ ಹುಡುಗನಂತೆ ಟಕ್ಕೆಂದು ಒತ್ತಿದರು. ನಾದ ಕೀಚಲಾಗುತ್ತಾ ಹೋದಂತೆ ಒತ್ತುವುದು ನಿಂತಿತು. ಅಳಿಯ ಸದ್ದು ಏರಿಸಿದ. ಇನ್ನೂ ಏರಿಸಿದ. ಗಾಜಿನಾಚೆ ಮಾವ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಬರಬೇಕಾದ ಬಸ್ಸು ಆಗಲೇ ಹೋಗಿದೆ ಎಂದು ತಿಳಿಯದವರಂತೆ, ಕಾಯುತ್ತಾ ಕೂತಿದ್ದರು. ಸುತ್ತಿಗೆಯ ಸದ್ದು ತಿಂದ ಕಿವಿ. ಸುಳ್ಳು ಸೋರಿಕೆಯೊಂದು ಅವರನ್ನು ನಿಜವಾದ ನಷ್ಟದ ಮುಂದೆ ತಂದು ಕೂರಿಸಿತ್ತು.

ಆಮೇಲೆ ಪದಗಳ ಪರೀಕ್ಷೆ. ತುಟಿ ಕಾಣದಂತೆ ಕೈ ಅಡ್ಡ ಹಿಡಿದು ಅವನು ಮೈಕಿನಲ್ಲಿ ಒಂದೊಂದು ಪದ ಹೇಳಬೇಕು, ಅವರು ತಿರುಗಿ ಹೇಳಬೇಕು.

“ಮನೆ.”

“ಮನೆ.”

“ಸೊಪ್ಪು.”

“ಉಪ್ಪು.”

“ಸರ.”

“ಮರ.”

“ಶೀತ.”

“ಪ್ರೀತಿ,” ಎಂದರು ಮಾವ, ಖಚಿತವಾಗಿ.

ಕೇಳದೆ ಉಳಿದ ಜಾಗವನ್ನು ಕಿವಿ ಸುಮ್ಮನೆ ಬಿಡುವುದಿಲ್ಲ. ತನಗೆ ಬೇಕಾದುದನ್ನು ಅಲ್ಲಿ ತುಂಬಿಕೊಳ್ಳುತ್ತದೆ. ಇದನ್ನು ಅವನು ಓದಿ ಪಾಸಾಗಿದ್ದ. ಈಗಷ್ಟೇ ಅರ್ಥವಾಯಿತು. ಅವನು ಸದ್ದನ್ನು, ಮಾವನಿಗೆ ಪ್ರತಿ ಅಕ್ಷರವೂ ಬಿಡಿಬಿಡಿಯಾಗಿ ಕೇಳುವಷ್ಟು, ಏರಿಸಿದ. ಮುಂದೆ ಹೇಳಬೇಕಾದ ಪದ ‘ಕುರ್ಚಿ’. ಅವನು ಅದನ್ನು ಹೇಳಲಿಲ್ಲ. ಮಾವನ ಮುಖ ಎದುರಿಗಿದ್ದರೂ ನಡುವೆ ಗಾಜಿತ್ತು. ತನ್ನ ಬಾಯಿಗೆ ಕೈ ಅಡ್ಡವಿತ್ತು. ಇಷ್ಟು ಅನುಕೂಲ ಮತ್ತೆ ಸಿಗುವುದಿಲ್ಲ ಎನಿಸಿತು.

“ನೆಲ.”

“ನೆಲ.”

“ಆಮೆ.”

“ಆಮೆ,” ಎಂದು ಮಾವ ನಕ್ಕರು.

“ನೆಲದ ಆಮೆ.”

“ನೆಲದ ಆಮೆ.”

“ಈಜಲ್ಲ.”

“ಈಜಲ್ಲ.” ನಗು ಅರ್ಧಕ್ಕೆ ನಿಂತಿತು.

“ಮುಳುಗುತ್ತೆ.”

ಮಾವ ತುಸು ತಡೆದು, “ಮುಳುಗುತ್ತೆ,” ಎಂದರು.

“ಬಿರಡೆ.”

“ಬಿರಡೆ.”

“ನಾನೇ.”

ಈ ಪದವನ್ನು ಮಾವ ತಿರುಗಿ ಹೇಳಲಿಲ್ಲ. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಮಾತಾಡತೊಡಗಿದರು. ಆ ಕಡೆಯ ಮೈಕನ್ನು ಅಳಿಯ ಗಾಬರಿಯಲ್ಲಿ ಆರಿಸಿಬಿಟ್ಟಿದ್ದರಿಂದ ಗಾಜಿನಾಚೆಯಿಂದ ಒಂದು ಅಕ್ಷರವೂ ಈಚೆ ಬರಲಿಲ್ಲ. ಮೀಸೆ ಏರುವುದು, ಇಳಿಯುವುದು, ಒಂದು ಬೆರಳು ಅತ್ತಿಂದಿತ್ತ ಆಡುವುದು ಮಾತ್ರ ಕಾಣುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನಿಗೆ ಮೌನ ಬೇಡವೆನಿಸಿತು. ಗುಂಡಿ ಒತ್ತಿದ.

“...ಬೋಳಿಸಿಕೊಂಡಿದ್ರೆ ಯಾರೋ ಅಂಟಿಸ್ತಿದ್ರು? ನೀನು ಅಂಟಿಸ್ತಿದ್ಯಾ? ಎರಡೆರಡು ಸಲ ಬಿರಡೆ ಬದಲಾಯಿಸಿದೆನಲ್ಲೋ. ಒಂದು ಸಲ ಬಾಯಿ ಬಿಟ್ಟು ಹೇಳೋಕಾಗ್ಲಿಲ್ವಾ? ಸಾಯ್ತಿತ್ತಲ್ಲೋ ಆ ಮರಿ.”

ಬೈಗುಳದ ನಡುವೆ ಅಳಿಯ ಒಂದನ್ನು ಹಿಡಿದುಕೊಂಡ. ಮಾವ ತನ್ನನ್ನು ‘ನೀನು’ ಎನ್ನುತ್ತಿದ್ದರು.

ಮನೆಗೆ ಬಂದವರೇ ಮಾವ ತೊಟ್ಟಿಯ ನೀರನ್ನು ತಾವೇ ಬಿಟ್ಟರು. ಚೆಂಡು, ಕಾರಂಜಿ ಎಲ್ಲವನ್ನೂ ಕಿತ್ತು, ಬಯಲಿನ ಒಣಮಣ್ಣು ತಂದು ತುಂಬಿದರು. ಒಂದು ಕಡೆ ಬಿಸಿಲು, ಇನ್ನೊಂದು ಕಡೆ ಮುರಿದ ಕುಂಡದ ನೆರಳು, ಕುಡಿಯಲು ಡಬ್ಬಿಯ ಮುಚ್ಚಳದಲ್ಲಿ ನೀರು. ವಾಷರ್ ಮಣ್ಣಿನ ಮೇಲೆ ನಾಲ್ಕೂ ಕಾಲೂರಿ ನಿಂತು, ಆಸ್ತಿ ನೋಡಲು ಬಂದ ಯಜಮಾನನಂತೆ ಒಂದು ಸುತ್ತು ಹೊಡೆದು, ಹೂವಿನ ಪಕಳೆಯೊಂದನ್ನು ಬಾಯಿಗೆ ಹಾಕಿಕೊಂಡಿತು.

ಬಿರಡೆಯ ಕತೆಯನ್ನು ಮಗಳು ಆಗಲೇ ಅಮ್ಮನಿಗೆ ಒಪ್ಪಿಸಿದ್ದಳು. ಅತ್ತೆ ರೇಜರಿನ ತಟ್ಟೆಯನ್ನು ಬೇಸರದಿಂದ ಒಳಗೆ ಒಯ್ದರು. “ಇನ್ನೊಂದೆರಡು ದಿನ ತಡೆದಿದ್ರೆ ಆಗ್ತಿರ್ಲಿಲ್ವಾ ನಿಮಗೆ,” ಎಂದು ಅಳಿಯನನ್ನು ಆಕ್ಷೇಪಿಸಿದರು.

ಪೈಪು ಹೂಳಿ ಗುಂಡಿ ಮುಚ್ಚುವ ಹೊತ್ತಿಗೆ ಮಾವನ ಕಿವಿಗೆ ಯಂತ್ರವೂ ಬಂದಿತ್ತು. ಮನೆಯಲ್ಲಿ ಒಂದೇ ಒಂದು ತೊಂದರೆ: ಅತ್ತೆ ಗೊಣಗುವುದೆಲ್ಲ ಈಗ ಅವರಿಗೆ ಕೇಳಿಸುತ್ತಿತ್ತು. “ಇಷ್ಟು ವರ್ಷ ಇವಳು ಹೊಗಳ್ತಿದಾಳೆ ಅಂದ್ಕೊಂಡಿದ್ದೆ,” ಎಂದು ಅವರು ಮಗಳ ಹತ್ತಿರ ದೂರಿದರು.

ಬಯಲಿಗೆ ಮೂವರು ಹೋದರು: ಮಾವ, ಮಗಳು, ಅಳಿಯ. ಗುಂಡಿಯಿದ್ದ ಜಾಗದಲ್ಲಿ ಹೊಸ ಮಣ್ಣಿನ ಉದ್ದನೆಯ ಗೀರು ಮಾತ್ರ ಉಳಿದಿತ್ತು. ಮಾವ ಡಬ್ಬಿಯನ್ನು ಪೊದೆಯ ನೆರಳಿಗೆ ಬಾಗಿಸಿದರು. ವಾಷರ್ ಹೊರಬಂದು ಆ ಗೀರನ್ನು ದಾಟಿತು. ಹಿಂದೆ ಬಿದ್ದ ಜಾಗದಲ್ಲಿ ಬೀಳಲಿಲ್ಲ. ಅಲ್ಲೇ ನಿಂತು ಯೋಚಿಸಿತು, ಆಮೇಲೆ ಹುಲ್ಲಿನೊಳಗೆ ನುಗ್ಗಿತು. ಒಣಹುಲ್ಲು ಸರಪರ ಎಂದಿತು.

“ಕೇಳಿಸ್ತಿದೆ,” ಎಂದರು ಮಾವ ಮೆಲ್ಲಗೆ, ಕಿವಿಗೆ ಕೈಯಿಟ್ಟುಕೊಂಡು. “ಅದು ನಡೆಯೋದು ಕೇಳಿಸ್ತಿದೆ ಕಣೋ.”

ಸದ್ದು ಪೂರ್ತಿ ನಿಲ್ಲುವವರೆಗೆ ಮೂವರೂ ಅಲ್ಲಾಡಲಿಲ್ಲ. ತಿರುಗಿ ಬರುವಾಗ ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿದರು.

“ನಿನಗೆ ಅಷ್ಟೊಂದು ಬೈಬಾರದಿತ್ತು. ತಪ್ಪು ಇಬ್ಬರದ್ದೂ. ಮೊದಲನೇ ದಿನ ನೀನೂ ನೀರಿನ ಆಮೆ ಅಂತಲೇ ಅಂದ್ಕೊಂಡಿದ್ದೆಯಲ್ಲ. ‘ಇದು ನೀರಿನ ಆಮೆ ಅಲ್ವಾ, ಮಾವ’ ಅಂತ ಕೇಳಿದೆ. ನೀನು ನನ್ನನ್ನ ಏನಾದ್ರೂ ಕೇಳಿದ್ದು ಅದೇ ಮೊದಲು. ಆ ಸಂತೋಷಕ್ಕೆ ತಾನೇ ನಾನು ಬೆಳಕು ಹರಿಯೋ ಮೊದಲೇ ಎದ್ದು ತೊಟ್ಟಿ ಎಳ್ಕೊಂಡು ಬಂದಿದ್ದು. ನೆನಪಿದೆ ತಾನೇ?”

ಹೆಂಡತಿ ಪಕ್ಕದಲ್ಲಿ ನಡೆಯುತ್ತಿದ್ದವಳು ಗಂಡನ ಮುಖ ನೋಡಿದಳು. ಹುಬ್ಬು ಏರಿಸಲಿಲ್ಲ.

“ನೆನಪಿದೆ, ಮಾವ,” ಎಂದ ಅಳಿಯ. ಈ ಸಲ ಮಾವನಿಗೆ ಅದು ಸರಿಯಾಗಿ ಕೇಳಿಸಿತು.

ತಾನು ಆ ಸಂಜೆ ಅಂದದ್ದು ‘ಅಲ್ಲ’ ಎಂದು ಅವನು ಮಾವನಿಗೆ ಯಾವತ್ತೂ ಹೇಳಲಿಲ್ಲ.